ಹೂ ಬಿಟ್ಟ ಪೀಚ್ ಗಿಡಕ್ಕೊಂದು ಹಿಮ ತಡೆಯುವ ಗುಡಾರ

ಪೀಚ್ ಗಿಡದ ಕಷ್ಟ ಏನೆಂದರೆ ಅದು ಎಲೆಗಿಂತ ಮೊದಲೇ ಹೂ ಬಿಡುತ್ತದೆ. ಚಳಿ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಹಗಲು ಸ್ವಲ್ಪ ಬಿಸಿಲು ಕಾದರೆ ಸಾಕು, ಮೊಗ್ಗು ಉಬ್ಬಿ, ತುದಿಯಲ್ಲಿ ಗುಲಾಬಿ ಬಣ್ಣ ತೋರಿಸಿ, ಅರಳಿಯೇ ಬಿಡುತ್ತದೆ. ಆಮೇಲೆ ಒಂದೇ ಒಂದು ರಾತ್ರಿ ಮೋಡ ಸರಿದು, ಗಾಳಿ ನಿಂತು, ಬೆಳಗಾಗುವಷ್ಟರಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ ಕೂತಿತು ಅಂದರೆ ಆ ವರ್ಷದ ಹಣ್ಣಿನ ಆಸೆ ಬಿಡಬೇಕಾಗುತ್ತದೆ. ನಮ್ಮ ಹಿತ್ತಲಿನ ಗಿಡಕ್ಕೆ ಹಾಗಾಗಬಾರದು ಅಂತ ಈ ಸಲ ಮೊಗ್ಗು ಉಬ್ಬುವ ಮೊದಲೇ ಒಂದು ಚೌಕಟ್ಟು ಕಟ್ಟಿದೆ. ಸಂಜೆ ಹೊದಿಕೆ ಹಾಕಿ ಬೆಳಿಗ್ಗೆ ತೆಗೆಯುವಂಥದ್ದು. ಹೇಗೆ ಕಟ್ಟಿದೆ, ಯಾಕೆ ಹಾಗೆ ಕಟ್ಟಿದೆ, ಚಳಿ ಬಿದ್ದ ರಾತ್ರಿ ಅದು ಹೇಗೆ ನಡೆದುಕೊಂಡಿತು ಅನ್ನೋದನ್ನು ಬರೆದಿಡುತ್ತಿದ್ದೇನೆ.

ಗಿಡ ಸುಮಾರು 2 ಮೀಟರ್ ಎತ್ತರ, ಹೆಚ್ಚೂಕಮ್ಮಿ ಅಷ್ಟೇ ಹರವು. ನಡುವೆ ಬೆಳಕು ಬೀಳುವಂತೆ ಸವರಿದ ಗಿಡ. ಸುತ್ತ ಗೋಡೆಯಾಗಲಿ ದೊಡ್ಡ ಮರವಾಗಲಿ ಇಲ್ಲ, ಮೇಲೆ ಪೂರ್ತಿ ಆಕಾಶ. ಹಗಲಿಗೆ ಇದು ಒಳ್ಳೆ ಜಾಗ, ರಾತ್ರಿಗೆ ಕೆಟ್ಟ ಜಾಗ.

ಬಿಸಿ ಬರುವುದು ನೆಲದಿಂದ

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ವಿಷಯ ತಲೆಯಲ್ಲಿ ಸರಿಯಾಗಿ ಕೂರಬೇಕು. ಗಿಡಕ್ಕೆ ಮೈಬಿಸಿ ಇಲ್ಲ. ನಾವು ಕಂಬಳಿ ಹೊದ್ದರೆ ಬೆಚ್ಚಗಾಗುವುದು ನಮ್ಮ ಮೈಯೊಳಗೆ ಬಿಸಿ ಹುಟ್ಟುತ್ತಿರುವುದರಿಂದ. ಗಿಡದ ತಲೆಗೆ ಬಟ್ಟೆ ಹೊದಿಸಿ ಕಾಂಡಕ್ಕೆ ಬಿಗಿದು ಕಟ್ಟಿದರೆ ಒಳಗೆ ಬಿಸಿ ಹುಟ್ಟಿಸುವಂಥದ್ದು ಏನೂ ಇಲ್ಲ. ಬಿಸಿ ಇರುವುದು ನೆಲದಲ್ಲಿ. ಹಗಲೆಲ್ಲ ಬಿಸಿಲು ಕುಡಿದ ಮಣ್ಣು ರಾತ್ರಿ ಆ ಬಿಸಿಯನ್ನು ಮೇಲಕ್ಕೆ ಬಿಡುತ್ತದೆ. ಮೋಡ ಇದ್ದರೆ ಅದರಲ್ಲಿ ಬಹುಪಾಲು ವಾಪಸ್ ಬರುತ್ತದೆ. ತಿಳಿ ಆಕಾಶವಿದ್ದರೆ ಪ್ರತಿ ಚದರ ಮೀಟರಿಗೂ ಸುಮಾರು 50ರಿಂದ 100 ವಾಟ್ ಲೆಕ್ಕದಲ್ಲಿ ರಾತ್ರಿಯಿಡೀ ಸೋರಿ ಹೋಗುತ್ತದೆ. ಗಾಳಿ ಇಲ್ಲದಿದ್ದರೆ ನೆಲದ ಪಕ್ಕದ ಗಾಳಿ ತಣ್ಣಗಾಗಿ ಅಲ್ಲೇ ಕೂರುತ್ತದೆ. ಹತ್ತು ಹದಿನೈದು ಮೀಟರ್ ಮೇಲೆ ಹೋದರೆ ಗಾಳಿ ಬೆಚ್ಚಗೇ ಇರುತ್ತದೆ, ಕೆಳಗೆ ಗಿಡದ ಮಟ್ಟದಲ್ಲಿ ಮಾತ್ರ ಕೊರೆಯುತ್ತದೆ. ದೊಡ್ಡ ತೋಟಗಳಲ್ಲಿ ಎತ್ತರದ ಫ್ಯಾನ್ ನಿಲ್ಲಿಸಿ ಮೇಲಿನ ಆ ಬೆಚ್ಚನೆ ಗಾಳಿಯನ್ನು ಕೆಳಕ್ಕೆ ತಳ್ಳುವುದು ಇದಕ್ಕೇ.

ಹಾಗಾಗಿ ನಾನು ಕಟ್ಟಬೇಕಾಗಿದ್ದು ಗಿಡಕ್ಕೆ ಅಂಗಿ ಅಲ್ಲ. ಗಿಡದ ಸುತ್ತಲಿನ ನೆಲಕ್ಕೆ ಒಂದು ಮಾಡು. ಹೊದಿಕೆ ನೆಲದವರೆಗೆ ಇಳಿಯಬೇಕು, ನೆಲಕ್ಕೆ ಅಂಟಿ ಕೂರಬೇಕು, ಆದಷ್ಟು ಜಾಸ್ತಿ ನೆಲವನ್ನು ಒಳಗೆ ಹಿಡಿದಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ಅಳತೆಗಳೂ ಇದರಿಂದಲೇ ಹುಟ್ಟಿದವು.

ಇನ್ನೊಂದು ಥರದ ಚಳಿಯೂ ಇದೆ. ಬೇರೆ ಕಡೆಯಿಂದ ಗಾಳಿಯೇ ತಣ್ಣಗೆ ಬೀಸಿಕೊಂಡು ಬರುವುದು. ಆಗ ನೆಲದ ಬಿಸಿಯನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆ, ಹೊದಿಕೆಯೂ ಹಾರುತ್ತದೆ. ಅಂಥ ರಾತ್ರಿಗೆ ಈ ಗುಡಾರದಿಂದ ಉಪಯೋಗ ಕಮ್ಮಿ. ಇದು ತಿಳಿ ಆಕಾಶದ, ಗಾಳಿಯಿಲ್ಲದ ರಾತ್ರಿಗೆ ಮಾಡಿದ್ದು.

ಎಷ್ಟು ಡಿಗ್ರಿ ಕಾಪಾಡಬೇಕು

ಹಣ್ಣಿನ ಬೆಳೆಗಾರರಿಗೆ ಅಂತ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು ಮಾಡಿದ ಒಂದು ಪಟ್ಟಿ ಇದೆ. ಮೊಗ್ಗಿನ ಪ್ರತಿ ಹಂತದಲ್ಲೂ ಅರ್ಧ ಗಂಟೆ ಎಷ್ಟು ಚಳಿ ತಗುಲಿದರೆ ನೂರಕ್ಕೆ ಹತ್ತು ಸಾಯುತ್ತವೆ, ಎಷ್ಟಕ್ಕೆ ತೊಂಬತ್ತು ಸಾಯುತ್ತವೆ ಅನ್ನೋ ಲೆಕ್ಕ. ಪೀಚ್ ಮೊಗ್ಗು ಬರೀ ಉಬ್ಬಿದ ಹಂತದಲ್ಲಿದ್ದರೆ ಮೈನಸ್ 7.8 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದರೂ ಹತ್ತರಷ್ಟೇ ಹೋಗುತ್ತವೆ. ಪೂರ್ತಿ ಅರಳಿದ ಮೇಲೆ ಆ ಗಡಿ ಮೈನಸ್ 2.8ಕ್ಕೆ ಬರುತ್ತದೆ. ತೊಂಬತ್ತು ಸಾಯುವುದು ಮೈನಸ್ 4.4ಕ್ಕೆ. ದಳ ಉದುರಿ ಪುಟ್ಟ ಕಾಯಿ ಕಟ್ಟಿದ ಮೇಲಂತೂ ಇನ್ನೂ ನಾಜೂಕು, ಮೈನಸ್ 2.2ಕ್ಕೇ ಹತ್ತು ಹೋಗುತ್ತವೆ. ಸೇಬಿನ ಅರಳಿದ ಹೂವಿಗೆ ಈ ಎರಡು ಗಡಿ ಮೈನಸ್ 2.2 ಮತ್ತು ಮೈನಸ್ 3.9.

ಇದರಲ್ಲಿ ನನಗೆ ಧೈರ್ಯ ಕೊಟ್ಟದ್ದು ಮಧ್ಯದ ಅಂತರ. ಹತ್ತಕ್ಕೂ ತೊಂಬತ್ತಕ್ಕೂ ನಡುವೆ ಇರುವುದು ಹೆಚ್ಚೂಕಮ್ಮಿ ಒಂದೂವರೆ ಡಿಗ್ರಿ. ಪೀಚ್ ಕಾಯಿ ಹೇಗೂ ಒತ್ತಾಗಿ ಕಟ್ಟಿದರೆ ನಾವೇ ಕಿತ್ತು ವಿರಳ ಮಾಡುತ್ತೇವೆ, ಅಲ್ವಾ? ಕೊಂಬೆಯ ಉದ್ದಕ್ಕೂ 15ರಿಂದ 20 ಸೆಂಟಿಮೀಟರಿಗೆ ಒಂದು ಕಾಯಿ ಉಳಿದರೆ ಸಾಕು. ಹೂವಿನಲ್ಲಿ ಹತ್ತರಷ್ಟು ಹೋದರೆ ಲೆಕ್ಕಕ್ಕೇ ಇಲ್ಲ. ಅಂದರೆ ನಾನು ಗಿಡವನ್ನು ಬೆಚ್ಚಗಿಡಬೇಕಾಗಿಲ್ಲ. ಹೊರಗಿಗಿಂತ ಎರಡು ಮೂರು ಡಿಗ್ರಿ ಮೇಲೆ ಹಿಡಿದಿಟ್ಟರೆ ಸಾಕು. ಅಷ್ಟನ್ನು ಒಂದು ತೆಳ್ಳನೆ ಬಟ್ಟೆ, ಒದ್ದೆ ನೆಲ ಮತ್ತು ಸ್ವಲ್ಪ ಬಲ್ಬಿನ ಬಿಸಿಯಿಂದ ಮಾಡಬಹುದು.

ಚೌಕಟ್ಟು

ಬುಡದ ಅಳತೆ 2.4 ಮೀಟರ್ ಉದ್ದ, 2.4 ಮೀಟರ್ ಅಗಲ. ಎತ್ತರ 2.5. ಗಿಡದ ಸುತ್ತ ನಾಲ್ಕೂ ಕಡೆ ಒಂದು ಗೇಣು ಜಾಗ ಉಳಿಯುವಂತೆ ನೋಡಿಕೊಂಡೆ. ಒಂದಿಂಚಿನ ಪಿವಿಸಿ ಪೈಪ್, 6 ಮೀಟರ್ ಉದ್ದದ್ದು ನಾಲ್ಕು ಬೇಕಾಯಿತು. ಎರಡು ಪೈಪಿನಿಂದ 2.5 ಮೀಟರಿನ ನಾಲ್ಕು ಕಂಬ. ಇನ್ನೆರಡರಿಂದ 2.4 ಮೀಟರಿನ ನಾಲ್ಕು ಅಡ್ಡ ಪೈಪ್. ಕಂಬ ಕತ್ತರಿಸಿದ ಮೇಲೆ 1 ಮೀಟರಿನ ಎರಡು ತುಂಡು ಉಳಿದವು, ಅಡ್ಡ ಪೈಪಿನಿಂದ 1.2 ಮೀಟರಿನ ಎರಡು. ಅವನ್ನು ಎಸೆಯಬೇಡಿ, ಎಲ್ಲಕ್ಕೂ ಕೆಲಸ ಇದೆ.

ಕಂಬವನ್ನು ಮಣ್ಣಿಗೆ ಹೂಳಲಿಲ್ಲ. ನಾಲ್ಕು ಮೂಲೆಗೆ 90 ಸೆಂಟಿಮೀಟರ್ ಉದ್ದದ, 20 ಎಂಎಂ ದಪ್ಪದ ಕಬ್ಬಿಣದ ಸರಳು ಬಡಿದೆ. ಅರ್ಧ ನೆಲದೊಳಗೆ, ಅರ್ಧ ಮೇಲೆ. ಪೈಪನ್ನು ಸರಳಿನ ಮೇಲೆ ತೂರಿಸಿದರೆ ಕಂಬ ನಿಂತಿತು. ಸರಳು ಬಡಿಯುವಾಗ ದೊಡ್ಡ ಬೇರು ಸಿಕ್ಕರೆ ಸ್ವಲ್ಪ ಪಕ್ಕಕ್ಕೆ ಸರಿಯಬೇಕು, ಜಬರದಸ್ತಿ ಮಾಡಬಾರದು. ಸರಳಿಗೂ ಪೈಪಿಗೂ ನಡುವೆ ಸಡಿಲ ಇರುತ್ತದೆ. ಹಳೇ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಸರಳಿಗೆ ಸುತ್ತಿದ ಮೇಲೆ ಅಲುಗಾಟ ನಿಂತಿತು.

ಮೇಲಿನ ಮೂಲೆಗಳಿಗೆ ಮೂರು ಬಾಯಿಯ ಎಲ್ಬೋ. ಗಮ್ ಹಾಕಲಿಲ್ಲ. ಜಾಯಿಂಟಿನ ಮೇಲೆ ಒಂದೊಂದು ತೂತು ಕೊರೆದು ಚಿಕ್ಕ ಸ್ಕ್ರೂ ಬಿಗಿದೆ. ಹೂವಿನ ಕಾಲ ಮುಗಿದ ಮೇಲೆ ಇಡೀ ಚೌಕಟ್ಟು ಬಿಚ್ಚಿ ಒಳಗಿಡಬೇಕಲ್ಲ, ಬಿಸಿಲಿಗೆ ಬಿಟ್ಟರೆ ಪಿವಿಸಿ ಪೆಡಸಾಗಿ ಒಡೆಯುತ್ತದೆ. ಸ್ಕ್ರೂವಿನ ಮೊನೆ ಒಳಮುಖವಾಗಿದೆಯಾ ಅಂತ ಒಮ್ಮೆ ಬೆರಳಾಡಿಸಿ ನೋಡಿ. ಹೊರಗೆ ಚೂಪಾಗಿ ಏನಿದ್ದರೂ ಬಟ್ಟೆ ಹರಿಯುತ್ತದೆ. ಆಮೇಲೆ ನಾಲ್ಕು ಮೂಲೆಯಿಂದ ಹೊರಕ್ಕೆ ಹಗ್ಗ ಎಳೆದು ಗೂಟಕ್ಕೆ ಕಟ್ಟಿದೆ.

ಕ್ಲಿಪ್ಪುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಉಳಿದ 1 ಮೀಟರಿನ ಒಂದು ತುಂಡನ್ನು 8 ಸೆಂಟಿಮೀಟರಿನಂತೆ ಹನ್ನೆರಡು ತುಂಡು ಮಾಡಿದೆ. ಪ್ರತಿ ತುಂಡನ್ನೂ ಉದ್ದಕ್ಕೆ ಸೀಳಿ, ಸುತ್ತಳತೆಯ ಮೂರನೇ ಒಂದು ಭಾಗದಷ್ಟು ಪಟ್ಟಿ ತೆಗೆದುಬಿಟ್ಟೆ. ಉಳಿದದ್ದು ಬಾಯಿ ತೆರೆದ ಕೊಳವೆ. ಬಟ್ಟೆಯನ್ನು ಪೈಪಿನ ಮೇಲೆ ಹಾಕಿ, ಇದನ್ನು ಮೇಲಿಂದ ಒತ್ತಿದರೆ ಟಕ್ ಅಂತ ಕೂರುತ್ತದೆ. ಅದೇ ಅಳತೆಯ ಪೈಪಿನಿಂದ ಮಾಡಿದ್ದರಿಂದ ಹಿಡಿತ ಗಟ್ಟಿ. ಕತ್ತರಿಸಿದ ಅಂಚನ್ನು ಮಾತ್ರ ಅರ ಹಾಕಿ, ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಪೂರ್ತಿ ನಯ ಮಾಡಲೇಬೇಕು. ಕೆನ್ನೆಗೆ ಉಜ್ಜಿದರೆ ಗೀರಬಾರದು, ಅಷ್ಟು ನಯ. ಚಳಿಯಲ್ಲಿ ಪಿವಿಸಿ ಬಾಗುವುದಿಲ್ಲ, ಬಾಯಿ ಅಗಲಿಸಿದರೆ ಸಿಡಿಯುತ್ತದೆ. ಅದಕ್ಕೆ ಕ್ಲಿಪ್ಪುಗಳನ್ನು ಹಗಲೆಲ್ಲ ಮನೆಯೊಳಗಿಟ್ಟು ಸಂಜೆ ಜೇಬಿಗೆ ಹಾಕಿಕೊಂಡು ಹೋಗುತ್ತೇನೆ. ಕೈಗೆ ಬೆಚ್ಚಗಿದ್ದರೆ ಸುಲಭವಾಗಿ ಕೂರುತ್ತವೆ. ಇವು ಸಾಲದೆ ಹೋದ ಕಡೆ ಬಟ್ಟೆ ಒಣಹಾಕುವ ಕ್ಲಿಪ್ ಬಳಸಿದೆ.

ಹೊದಿಕೆಗೆ ತರಕಾರಿ ಸಾಲಿಗೆ ಹಾಕುವ ಬಿಳಿ ಕ್ರಾಪ್ ಕವರ್ ತೆಗೆದುಕೊಂಡೆ. ಚದರ ಮೀಟರಿಗೆ 30 ಗ್ರಾಂ ತೂಕದ್ದು, 3.2 ಮೀಟರ್ ಅಗಲ. 17 ಗ್ರಾಮಿನ ಬಟ್ಟೆಯೂ ಸಿಗುತ್ತದೆ, ಆದರೆ ಅದು ಹುಳ ತಡೆಯುವುದಕ್ಕೆ ಸರಿ, ಇಷ್ಟು ಚಳಿಗೆ ಸಾಲದು. 50 ಗ್ರಾಮಿನದು ಬಿಸಿ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಭಾರ. ಪ್ಲಾಸ್ಟಿಕ್ ಹಾಳೆ ನನಗೆ ಬೇಡವೇ ಬೇಡ. ಅದು ನೀರಾವಿ ಹೊರಗೆ ಬಿಡುವುದಿಲ್ಲ, ಹೂವಿಗೆ ತಾಗಿದ ಕಡೆಯೆಲ್ಲ ಚಳಿ ನೇರವಾಗಿ ದಾಟುತ್ತದೆ, ಬೆಳಿಗ್ಗೆ ಬಿಸಿಲು ಬಿದ್ದರೆ ಒಳಗೆ ಬೇಗ ಕಾಯುತ್ತದೆ.

8 ಮೀಟರಿನ ಒಂದು ಉದ್ದ ಪಟ್ಟಿ ಒಂದು ಬದಿಯ ನೆಲದಿಂದ ಹೊರಟು, ಮೇಲೆ ಹತ್ತಿ, ಆಚೆ ಬದಿಯ ನೆಲಕ್ಕಿಳಿಯುತ್ತದೆ. ಎರಡೂ ತುದಿಯಲ್ಲಿ ನೆಲದ ಮೇಲೆ 30 ಸೆಂಟಿಮೀಟರ್ ಮಲಗುತ್ತದೆ. ಉಳಿದ ಎರಡು ಬದಿಗೆ 2.8 ಮೀಟರಿನ ಒಂದೊಂದು ತುಂಡು. ಬಟ್ಟೆಯ ಅಗಲ 3.2, ಚೌಕಟ್ಟಿನ ಅಗಲ 2.4. ಅಂದರೆ ಪ್ರತಿ ಮೂಲೆಯಲ್ಲೂ 40 ಸೆಂಟಿಮೀಟರ್ ಒಂದರ ಮೇಲೊಂದು ಬರುತ್ತದೆ. ಹೊಲಿಗೆಯೇ ಬೇಡ. ಒಟ್ಟು 13.6 ಮೀಟರ್ ಬಟ್ಟೆ, ಒಣಗಿದ್ದಾಗ ಎಲ್ಲ ಸೇರಿ ಒಂದೂಕಾಲು ಕಿಲೋ ಚಿಲ್ಲರೆ. ನೆಲದ ಮೇಲೆ ಮಲಗಿದ ಅಂಚಿಗೆ ಸುತ್ತಲೂ ಮರಳು ತುಂಬಿದ ಉದ್ದನೆ ಚೀಲ ಇಟ್ಟೆ. ಕಲ್ಲಿಟ್ಟರೆ ನಡುನಡುವೆ ಸಂದಿ ಉಳಿಯುತ್ತದೆ, ಚೀಲ ನೆಲದ ಉಬ್ಬುತಗ್ಗಿಗೆ ಹೊಂದಿಕೊಂಡು ಕೂರುತ್ತದೆ. ಈ ಅಂಚು ಎಲ್ಲಕ್ಕಿಂತ ಮುಖ್ಯ. ಕೆಳಗೆ ಒಂದು ಗೇಣು ತೆರೆದಿದ್ದರೆ ತಣ್ಣನೆ ಗಾಳಿ ನೆಲ ಹಿಡಿದುಕೊಂಡು ಒಳಗೆ ಹರಿಯುತ್ತದೆ.

ನೆಲದ ತಯಾರಿ

ಗಿಡದ ಬುಡಕ್ಕೆ ಒಣ ಎಲೆ, ಹುಲ್ಲು ದಪ್ಪಗೆ ಮುಚ್ಚಿತ್ತು. ಬೇರೆ ಕಾಲದಲ್ಲಿ ಅದು ಒಳ್ಳೆಯದೇ. ಹೂವಿನ ಕಾಲದಲ್ಲಿ ಮಾತ್ರ ಅದು ಬಿಸಿಲು ಮಣ್ಣಿಗೆ ತಾಗದಂತೆ ಹಗಲು ತಡೆಯುತ್ತದೆ, ರಾತ್ರಿ ಮಣ್ಣಿನ ಬಿಸಿ ಮೇಲೆ ಬರದಂತೆಯೂ ತಡೆಯುತ್ತದೆ. ಎಲ್ಲವನ್ನೂ ಚೌಕಟ್ಟಿನ ಹೊರಕ್ಕೆ ಕೆರೆದು ಹಾಕಿದೆ. ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿದೆ. ಅಗೆಯಲಿಲ್ಲ. ಅಗೆದರೆ ಮಣ್ಣಿನಲ್ಲಿ ಗಾಳಿ ತುಂಬುತ್ತದೆ, ಗಾಳಿ ತುಂಬಿದ ಮಣ್ಣಿನಲ್ಲಿ ಬಿಸಿ ಓಡಾಡುವುದಿಲ್ಲ.

ಒಣ ಮಣ್ಣಿಗೂ ಇದೇ ತೊಂದರೆ. ಅದಕ್ಕೆ ಚಳಿ ಬರುತ್ತದೆ ಅಂತ ಗೊತ್ತಾದಾಗ ಒಂದೆರಡು ದಿನ ಮೊದಲೇ ನೀರು ಬಿಡುತ್ತೇನೆ. ಮೇಲಿನ 30 ಸೆಂಟಿಮೀಟರ್ ಒದ್ದೆಯಾದರೆ ಸಾಕು, ಹಗಲು ರಾತ್ರಿಯ ಬಿಸಿ ಏರಿಳಿತ ಅದಕ್ಕಿಂತ ಆಳಕ್ಕೆ ಹೆಚ್ಚೇನೂ ಹೋಗುವುದಿಲ್ಲ. ನೀರು ಬಿಟ್ಟ ಮೇಲೆ ಒಂದು ಬಿಸಿಲಾದರೂ ಅದರ ಮೇಲೆ ಬೀಳಬೇಕು. ನೆಲಕ್ಕಷ್ಟೇ ನೀರು, ಹೂವಿನ ಮೇಲೆ ಒಂದು ಹನಿಯೂ ಬೇಡ. ಇದಕ್ಕೊಂದು ಕಾರಣ ಇದೆ. ಶುದ್ಧ ನೀರಿನ ಸಣ್ಣ ಹನಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋದರೂ ಗಡ್ಡೆ ಕಟ್ಟದೆ ಇರಬಲ್ಲದು. ಮಂಜುಗಡ್ಡೆ ಶುರುವಾಗಲು ಏನಾದರೂ ಒಂದು ಆಸರೆ ಬೇಕು. ಎಲೆ, ಹೂವಿನ ಮೇಲೆ ಸಹಜವಾಗಿ ಇರುವ ಸ್ಯೂಡೋಮೊನಾಸ್ ಸಿರಿಂಗೆ ಅನ್ನೋ ಬ್ಯಾಕ್ಟೀರಿಯಾ ಇಂಥ ಆಸರೆ ಕೊಡುತ್ತದೆ, ಮೈನಸ್ 2 ಡಿಗ್ರಿ ಆಸುಪಾಸಿಗೇ ಗಡ್ಡೆ ಕಟ್ಟಿಸಿಬಿಡುತ್ತದೆ. ಒದ್ದೆ ಹೂವಿನ ಮೇಲೆ ಗಡ್ಡೆ ಒಮ್ಮೆ ಶುರುವಾದರೆ ಒಳಕ್ಕೂ ಹಬ್ಬುತ್ತದೆ. ಒಣಗಿದ ಹೂವು ಅದೇ ಚಳಿಯನ್ನು ಇನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ.

ಹಾಗಾದರೆ ತೋಟಗಳಲ್ಲಿ ರಾತ್ರಿಯಿಡೀ ಸ್ಪ್ರಿಂಕ್ಲರ್ ಬಿಡುತ್ತಾರಲ್ಲ ಅಂತ ಕೇಳಬಹುದು. ಅದು ಬೇರೆ ಲೆಕ್ಕ. ಒಂದು ಕಿಲೋ ನೀರು ಗಡ್ಡೆಯಾಗುವಾಗ 334 ಕಿಲೋಜೂಲ್ ಬಿಸಿ ಬಿಡುತ್ತದೆ, ಆ ಬಿಸಿಯೇ ಹೂವನ್ನು ಸೊನ್ನೆಯ ಹತ್ತಿರ ಹಿಡಿದಿಡುತ್ತದೆ. ಆದರೆ ಒಂದು ಕಿಲೋ ನೀರು ಆವಿಯಾದರೆ ಸುಮಾರು 2500 ಕಿಲೋಜೂಲ್ ಕಿತ್ತುಕೊಂಡು ಹೋಗುತ್ತದೆ, ಏಳೂವರೆ ಪಟ್ಟು. ನೀರು ಹಾಕುವುದು ನಡುವೆ ನಿಂತರೆ ನೀರೇ ಹಾಕದ ಗಿಡಕ್ಕಿಂತ ಕೆಟ್ಟ ಸ್ಥಿತಿ. ಶುರು ಮಾಡಿದ ಮೇಲೆ ಬೆಳಿಗ್ಗೆ ಗಡ್ಡೆ ಕರಗುವವರೆಗೂ ಬಿಡದೆ ಹಾಕುತ್ತಲೇ ಇರಬೇಕು. ಕೊಂಬೆಗಳು ಆ ಭಾರ ಹೊರಬೇಕು. ಮನೆಯ ನಲ್ಲಿ, ಮನೆಯ ಪಂಪು ನಂಬಿಕೊಂಡು ನಾನು ಅದಕ್ಕೆ ಇಳಿಯುವುದಿಲ್ಲ.

ಒಳಗೆ ಸ್ವಲ್ಪ ಬಿಸಿ

20 ಲೀಟರಿನ ಆರು ಕ್ಯಾನ್ ನೀರು ತುಂಬಿ ಹಗಲು ಬಿಸಿಲಿಗಿಟ್ಟು, ಸಂಜೆ ಗುಡಾರದೊಳಗೆ ಕಾಂಡದ ಸುತ್ತ ಜೋಡಿಸುತ್ತೇನೆ. 120 ಲೀಟರ್ ನೀರು 15 ಡಿಗ್ರಿಯಿಂದ 5ಕ್ಕೆ ಇಳಿದರೆ ಸುಮಾರು 5000 ಕಿಲೋಜೂಲ್ ಬಿಡುತ್ತದೆ. ಹತ್ತು ಗಂಟೆಗೆ ಹಂಚಿದರೆ 140 ವಾಟಿನ ಒಂದು ಹೀಟರ್ ರಾತ್ರಿಯಿಡೀ ಉರಿದಷ್ಟು. ಕರೆಂಟ್ ಹೋದರೂ ಇದು ನಿಲ್ಲುವುದಿಲ್ಲ ಅನ್ನೋದೇ ಇದರ ದೊಡ್ಡ ಗುಣ. ಕಪ್ಪು ಬಣ್ಣದ ಕ್ಯಾನ್ ಆದರೆ ಬಿಸಿಲಲ್ಲಿ ಬೇಗ ಕಾಯುತ್ತದೆ.

ಜೊತೆಗೆ 40 ವಾಟಿನ ನಾಲ್ಕು ಹಳೇ ಫಿಲಮೆಂಟ್ ಬಲ್ಬು. ಎಲ್‌ಇಡಿ ಇಲ್ಲಿ ಕೆಲಸಕ್ಕೆ ಬಾರದು, ಅದು ತಿನ್ನುವ ಕರೆಂಟೇ ಕಮ್ಮಿ, ಬಿಡುವ ಬಿಸಿಯೂ ಕಮ್ಮಿ. ನಮಗೆ ಬೇಕಾಗಿರುವುದು ಬೆಳಕಲ್ಲ. ಬಲ್ಬುಗಳನ್ನು ಕೊಂಬೆಗಳ ಕೆಳಗೆ, ಮೊಣಕಾಲೆತ್ತರದಲ್ಲಿ ತೂಗಿಬಿಟ್ಟೆ. ಬಿಸಿ ತಾನಾಗಿ ಮೇಲೇರಿ ಹೂವಿನ ನಡುವೆ ಹಾಯುತ್ತದೆ. ಕ್ರಾಪ್ ಕವರ್ ಪಾಲಿಪ್ರೊಪಿಲೀನ್ ಬಟ್ಟೆ, ಬಿಸಿ ಬಲ್ಬಿಗೆ ತಾಗಿದರೆ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಹಾಗಾಗಿ ಯಾವ ಬಲ್ಬೂ ಬಟ್ಟೆಗೆ ಅರ್ಧ ಮೀಟರಿಗಿಂತ ಹತ್ತಿರ ಇಲ್ಲ. ಹೋಲ್ಡರುಗಳು ಮಳೆಗೆ ತಡೆಯುವಂಥವು, ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇದೆ, ತಂತಿಯ ಯಾವ ಜೋಡಣೆಯೂ ನೆಲದ ಮೇಲಿಲ್ಲ. ಒದ್ದೆ ನೆಲದ ಮೇಲೆ ಕರೆಂಟಿನ ಕೆಲಸ, ಇದರಲ್ಲಿ ಸಡಿಲ ಬಿಡಬೇಡಿ. ಇದ್ದಿಲ ಒಲೆ, ಸೀಮೆಎಣ್ಣೆ ದೀಪ ಇಂಥವನ್ನು ಬಟ್ಟೆಯ ಗುಡಾರದೊಳಗೆ ಯಾವತ್ತೂ ಇಡಬೇಡಿ.

ಪಕ್ಕದ ಮನೆಯವರು ಬಂದು ನೋಡಿ, “ಇಷ್ಟೆಲ್ಲ ಯಾಕೆ, ಒದ್ದೆ ಎಲೆ ಸುಟ್ಟು ಹೊಗೆ ಹಾಕಿದ್ರೆ ಆಯ್ತಲ್ವಾ?” ಅಂದರು. ತುಂಬ ಜನ ಹಾಗೇ ಮಾಡುತ್ತಾರೆ. ಹೊಗೆಯ ಕಣ ತೀರಾ ಸಣ್ಣದು, ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಮ್ಮಿ. ನೆಲದಿಂದ ಹೊರಡುವ ಶಾಖದ ಅಲೆ ಹತ್ತು ಮೈಕ್ರಾನ್ ಆಸುಪಾಸಿನದು, ಹೊಗೆಯನ್ನು ಸುಮ್ನೆ ದಾಟಿ ಹೋಗುತ್ತದೆ. ಬೆಳಿಗ್ಗೆ ಬರುವ ಬಿಸಿಲನ್ನು ಮಾತ್ರ ಹೊಗೆ ತಡೆಯುತ್ತದೆ. ಬೆಂಕಿಯ ಶಾಖದಿಂದ ಏನಾದರೂ ಲಾಭ ಆಗಬಹುದೇ ಹೊರತು ಹೊಗೆಯಿಂದ ಇಲ್ಲ. ಹೀಗೆ ಹೇಳಿದಾಗ ಅವರು ಒಪ್ಪಿದರು, ಮರಳು ಚೀಲ ಹೊರಲು ಕೈಯನ್ನೂ ಹಾಕಿದರು.

ಥರ್ಮಾಮೀಟರ್

ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಎರಡು ಡಿಜಿಟಲ್ ಥರ್ಮಾಮೀಟರ್. ಒಂದು ಗುಡಾರದೊಳಗೆ ಹೂವಿನ ಮಟ್ಟದಲ್ಲಿ, ಇನ್ನೊಂದು ಹೊರಗೆ ಅದೇ ಎತ್ತರದಲ್ಲಿ. ಹಾಕುವ ಮೊದಲು ಎರಡನ್ನೂ ಪರೀಕ್ಷಿಸಿದೆ. ಐಸ್ ಪುಡಿ ಮಾಡಿ ಲೋಟ ತುಂಬಿಸಿ, ಸಂದಿ ತುಂಬುವಷ್ಟು ಮಾತ್ರ ನೀರು ಹಾಕಿ, ಕಲಕುತ್ತಾ ಸೆನ್ಸರ್ ಇಳಿಬಿಟ್ಟರೆ ಸೊನ್ನೆ ತೋರಿಸಬೇಕು. ಒಂದು ಸರಿಯಾಗಿತ್ತು, ಇನ್ನೊಂದು 0.6 ತೋರಿಸಿತು. ಅದರ ಬೆನ್ನಿಗೆ ಟೇಪ್ ಅಂಟಿಸಿ “0.6 ಕಳೆ” ಅಂತ ಬರೆದೆ. ಅರ್ಧ ಡಿಗ್ರಿಗೂ ಇಲ್ಲಿ ಬೆಲೆ ಇದೆ.

ಹವಾಮಾನದ ಮುನ್ಸೂಚನೆಯಲ್ಲಿ ಬರೀ ಕನಿಷ್ಠ ಉಷ್ಣತೆ ನೋಡಿ ಸುಮ್ಮನಾಗಬೇಡಿ. ಇಬ್ಬನಿ ಬಿಂದು ಅಂತ ಇನ್ನೊಂದು ಅಂಕಿ ಇರುತ್ತದೆ. ಗಾಳಿಯಲ್ಲಿನ ತೇವ ಇಬ್ಬನಿಯಾಗಿ ಕೂರುವ ಉಷ್ಣತೆ ಅದು. ಇಬ್ಬನಿ ಕೂರುವಾಗ ಬಿಸಿ ಹೊರಬರುತ್ತದೆ, ಹಾಗಾಗಿ ಆ ಬಿಂದು ತಲುಪಿದ ಮೇಲೆ ಚಳಿ ಇಳಿಯುವ ವೇಗ ಕಮ್ಮಿಯಾಗುತ್ತದೆ. ಸಂಜೆ ಇಬ್ಬನಿ ಬಿಂದು 5 ಡಿಗ್ರಿ ಇದ್ದರೆ ಹೆಚ್ಚು ಹೆದರಬೇಕಾಗಿಲ್ಲ. ಸೊನ್ನೆಗಿಂತ ಕೆಳಗಿದ್ದು, ಆಕಾಶ ತಿಳಿಯಾಗಿ, ಎಲೆ ಅಲ್ಲಾಡದಿದ್ದರೆ ಅವತ್ತು ಹೊದಿಕೆ ಹಾಕಲೇಬೇಕು.

ಚಳಿ ಬಿದ್ದ ರಾತ್ರಿ

ಗಿಡ ಪೂರ್ತಿ ಅರಳಿದ್ದಾಗಲೇ ಅಂಥ ರಾತ್ರಿ ಬಂತು. ಇಬ್ಬನಿ ಬಿಂದು ಮೈನಸ್ 3. ಬಿಸಿಲು ಇನ್ನೂ ನೆಲದ ಮೇಲಿರುವಾಗಲೇ ನಾನೂ ತಂಗಿಯೂ ಸೇರಿ ಹೊದಿಕೆ ಹಾಕಿದೆವು. ಕತ್ತಲಾದ ಮೇಲೆ ಹಾಕಿದರೆ ಅಷ್ಟರಲ್ಲಿ ನೆಲದ ಬಿಸಿ ಒಂದಷ್ಟು ಹೋಗಿಬಿಟ್ಟಿರುತ್ತದೆ. ಪಟ್ಟಿಯ ತುದಿಗೆ ಹಗ್ಗ ಕಟ್ಟಿ ಮೇಲಿಂದ ಆಚೆ ಎಸೆದು ಎಳೆದುಕೊಂಡರೆ ಹೂವಿಗೆ ತಗುಲದೆ ಸರಿಯುತ್ತದೆ.

ರಾತ್ರಿ ಒಂಬತ್ತಕ್ಕೆ ಹೊರಗೆ 2.4, ಒಳಗೆ 4.2. ನಡುರಾತ್ರಿ ದಾಟಿದಾಗ ಹೊರಗೆ ಮೈನಸ್ 0.4, ಒಳಗೆ 1.8. ಅಲ್ಲಿವರೆಗೆ ಬಟ್ಟೆ, ನೆಲ, ನೀರಿನ ಕ್ಯಾನ್ ಅಷ್ಟೇ. ನಾಲ್ಕರ ಹೊತ್ತಿಗೆ ತಂಗಿ ಬಂದು ಎಬ್ಬಿಸಿದಳು. “ಅಣ್ಣಾ, ಒಳಗೂ ಸೊನ್ನೆ ದಾಟ್ತಿದೆ.” ಹೊರಗೆ ಮೈನಸ್ 2.6 ಆಗಿತ್ತು. ಆಗ ಬಲ್ಬು ಹಾಕಿದೆವು. ಹೊರಗೆ ಇಳಿಯುತ್ತಲೇ ಹೋಯಿತು, ಒಳಗೆ ಮೈನಸ್ 0.3ರ ಹತ್ತಿರ ನಿಂತಿತು. ಅತಿ ಹೆಚ್ಚು ಚಳಿ ಬಂದದ್ದು ಸೂರ್ಯ ಹುಟ್ಟುವ ಹೊತ್ತಿಗೆ, ಹೊರಗೆ ಮೈನಸ್ 3.6. ಇದು ಸಾಮಾನ್ಯ. ಬೆಳಕು ಹರಿದರೂ ಬಿಸಿಲಿಗೆ ಬಲ ಬರುವವರೆಗೆ ನೆಲ ಬಿಸಿ ಕಳೆದುಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ಮೂಡಲು ಕೆಂಪಾಯಿತು ಅಂತ ಬಲ್ಬು ಆರಿಸಬಾರದು.

ಒಳಗೂ ಹೊರಗೂ ಕೊನೆಗೆ ಮೂರು ಡಿಗ್ರಿ ಮೇಲೆ ವ್ಯತ್ಯಾಸ. ಅದರಲ್ಲಿ ಬಲ್ಬಿನ ಪಾಲು ಒಂದು ಡಿಗ್ರಿ ಆಗಿರಬಹುದು. ಉಳಿದದ್ದೆಲ್ಲ ನೆಲದ್ದು, ಕ್ಯಾನಿನದು.

ಹೊರಗೆ ಸೊನ್ನೆಗಿಂತ ಮೇಲೆ ಬಂದು ಹುಲ್ಲಿನ ಹಿಮ ಕರಗಿದ ಮೇಲೆ ಹೊದಿಕೆ ತೆಗೆದೆವು. ಬಿಸಿಲಲ್ಲಿ ಹಾಗೇ ಬಿಟ್ಟರೆ ಒಳಗೆ ಕಾಯುತ್ತದೆ, ಬೆಚ್ಚಗಾದಷ್ಟೂ ಮೊಗ್ಗು ಬೇಗ ಮುಂದುವರಿಯುತ್ತದೆ, ಜೇನಿಗೂ ದಾರಿ ಇರುವುದಿಲ್ಲ.

ಹೂವು ಬದುಕಿದೆಯಾ ಅಂತ ದಳ ನೋಡಿ ಹೇಳಲಾಗದು. ದಳ ಚೆನ್ನಾಗೇ ಇರುತ್ತದೆ, ಒಳಗೆ ಸತ್ತಿರುತ್ತದೆ. ಮಧ್ಯಾಹ್ನದವರೆಗೆ ಕಾದು, ಅಲ್ಲಲ್ಲಿಂದ ಹೂ ಕಿತ್ತು, ಬ್ಲೇಡಿನಿಂದ ತೊಟ್ಟಿನ ಮೇಲ್ಭಾಗವನ್ನು ಉದ್ದಕ್ಕೆ ಸೀಳಿದೆ. ನಡುವೆ ಅಕ್ಕಿಕಾಳಿಗಿಂತ ಚಿಕ್ಕ ಅಂಡಾಶಯ ಕಾಣುತ್ತದೆ. ಹಸಿರಾಗಿ ತೇವವಾಗಿದ್ದರೆ ಜೀವ ಇದೆ. ಕಂದು ಅಥವಾ ಕಪ್ಪಾಗಿದ್ದರೆ ಮುಗಿಯಿತು. ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಬೀಜದಿಂದ ಎದ್ದ ಚಿಕ್ಕ ಪೀಚ್ ಗಿಡವನ್ನು ಹೋಲಿಸಿ ನೋಡಲೆಂದೇ ಮುಚ್ಚದೆ ಬಿಟ್ಟಿದ್ದೆ. ಅದರಲ್ಲಿ ಸೀಳಿದ ಹೂಗಳಲ್ಲಿ ಹೆಚ್ಚೂಕಮ್ಮಿ ಅರ್ಧ ಕಪ್ಪಾಗಿದ್ದವು. ಗುಡಾರದೊಳಗಿನ ಗಿಡದಲ್ಲಿ ಎಲ್ಲಾ ಕಡೆ ಹಸಿರು. ನೆತ್ತಿಯ ಕೆಲವು ಹೂ ಮಾತ್ರ ಕಪ್ಪಾಗಿದ್ದವು.

ನೆತ್ತಿಯ ದುರಸ್ತಿ

ಆ ನೆತ್ತಿಯ ಹೂಗಳ ಕತೆ ನೋಡಿದೆ. ಇಬ್ಬನಿಯಲ್ಲಿ ಒದ್ದೆಯಾದ ಬಟ್ಟೆ ಭಾರವಾಗಿ ನಡುವೆ ಜೋತು ಬಿದ್ದು ಹೂವಿಗೆ ಅಂಟಿಕೊಂಡಿತ್ತು. ಬಟ್ಟೆಯ ಮೇಲ್ಮೈ ಆಕಾಶಕ್ಕೆ ಬಿಸಿ ಬಿಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ತಾಗಿದ ಹೂವಿಗೆ ಅದೇ ಚಳಿ.

ಮಟ್ಟಸವಾಗಿದ್ದ ಮೇಲ್ಭಾಗಕ್ಕೆ ಇಳಿಜಾರು ಕೊಟ್ಟೆ. ಉಳಿದಿದ್ದ 1.2 ಮೀಟರಿನ ಎರಡು ತುಂಡನ್ನು ಕಪ್ಲಿಂಗ್ ಹಾಕಿ ಸೇರಿಸಿದರೆ 2.4 ಮೀಟರಿನ ನೆತ್ತಿಯ ಪೈಪಾಯಿತು. ಇನ್ನೊಂದು 1 ಮೀಟರ್ ತುಂಡಿನಿಂದ 30 ಸೆಂಟಿಮೀಟರಿನ ಎರಡು ಗಿಡ್ಡ ಕಂಬ. ಎದುರುಬದುರಿನ ಎರಡು ಅಡ್ಡ ಪೈಪುಗಳನ್ನು ನಡುವೆ ಕತ್ತರಿಸಿ ಟೀ ಜಾಯಿಂಟ್ ಕೂರಿಸಿ, ಅದರ ಮೇಲೆ ಗಿಡ್ಡ ಕಂಬ, ಅದರ ಮೇಲೆ ಎಲ್ಬೋ, ಎಲ್ಬೋಗಳ ನಡುವೆ ನೆತ್ತಿಯ ಪೈಪ್. ಉದ್ದ ಪಟ್ಟಿ ಈ ಪೈಪನ್ನು ಅಡ್ಡ ಹಾಯುವಂತೆ ದಿಕ್ಕು ನೋಡಿಕೊಳ್ಳಬೇಕು. ಇಳಿಜಾರಿನಿಂದಾಗಿ ಪಟ್ಟಿಗೆ ಬೇಕಾದ ಉದ್ದ ಏಳೆಂಟು ಸೆಂಟಿಮೀಟರ್ ಹೆಚ್ಚಾಯಿತು, ನೆಲದ ಮೇಲೆ ಮಲಗುವ ಅಂಚು 26ಕ್ಕೆ ಇಳಿಯಿತು. ಅದು ಸಾಕು. ಪಕ್ಕದ ತುಂಡುಗಳ ಮೇಲೆ ತ್ರಿಕೋನದ ಸಂದಿ ಬಂದದ್ದನ್ನು ಉದ್ದ ಪಟ್ಟಿಯ ಇಳಿಬಿದ್ದ ಅಂಚೇ ಮುಚ್ಚಿತು, ಎರಡು ಕ್ಲಿಪ್ ಹಾಕಿದೆ. ಇಳಿಜಾರಿನಲ್ಲೂ ಬಟ್ಟೆ ಜೋತು ಬೀಳದಂತೆ ನೆತ್ತಿಯಿಂದ ಅಂಚಿಗೆ ಅರ್ಧ ಅರ್ಧ ಮೀಟರಿಗೆ ನೈಲಾನ್ ದಾರ ಬಿಗಿದೆ. ಆಮೇಲೆ ಬಂದ ಚಳಿಯಲ್ಲಿ ಬಟ್ಟೆ ಒದ್ದೆಯಾಗಿ ಹಿಮ ಕಟ್ಟಿದರೂ ಹೂವಿನಿಂದ ದೂರವೇ ನಿಂತಿತು.

ಬೇರೆ ಗಿಡಗಳಿಗೆ

ನಮ್ಮ ಸೇಬಿನ ಮರ ದೊಡ್ಡದು, ಅದಕ್ಕೆ ಗುಡಾರ ಕಟ್ಟುವ ಮಾತಿಲ್ಲ. ಪುಣ್ಯಕ್ಕೆ ಸೇಬು ಪೀಚಿಗಿಂತ ತಡವಾಗಿ ಅರಳುತ್ತದೆ. ಅದರ ಬುಡದ ಹುಲ್ಲು ಕತ್ತರಿಸಿ ನೆಲ ಒದ್ದೆ ಮಾಡಿದ್ದಷ್ಟೇ. ಸೇಬಿನ ಗೊಂಚಲಿನಲ್ಲಿ ನಡುವಿನ ಹೂ ಮೊದಲು ಅರಳುತ್ತದೆ, ಅದು ಹೋದರೂ ಸುತ್ತಲಿನವು ತಡವಾಗಿ ಬರುವುದರಿಂದ ಉಳಿಯುವ ಅವಕಾಶ ಇದೆ. ಇಳಿಜಾರು ಹಿತ್ತಲಾದರೆ ಕೆಳಗಿನ ಬೇಲಿಯನ್ನೂ ನೋಡಿ. ತಣ್ಣನೆ ಗಾಳಿ ಭಾರ, ತಗ್ಗಿಗೆ ಹರಿಯುತ್ತದೆ. ಬೇಲಿ ಒತ್ತಾಗಿದ್ದರೆ ಅಲ್ಲೇ ನಿಂತು ಮೇಲೇರುತ್ತದೆ. ನಮ್ಮಲ್ಲಿ ಕೆಳಗಿನ ಗೇಟನ್ನು ಅಂಥ ರಾತ್ರಿ ತೆರೆದಿಡುತ್ತೇವೆ.

ಪೀಚನ್ನು ಸವರುವ ಕೆಲಸವನ್ನೂ ಮುಂದಕ್ಕೆ ಹಾಕಿದ್ದೇನೆ. ಚಳಿಯ ಭಯ ಕಳೆದ ಮೇಲೆ ಬದುಕಿದ ಹೂ ಎಷ್ಟಿವೆ ನೋಡಿಕೊಂಡು ಕತ್ತರಿ ಹಾಕಿದರೆ, ಯಾವ ಕೊಂಬೆ ಇಟ್ಟುಕೊಳ್ಳಬೇಕು ಅನ್ನೋದು ಸ್ಪಷ್ಟವಾಗಿರುತ್ತದೆ.

ಕಾಯಿ ಕಡಲೆಗಾತ್ರ ಆಗಿ, ಚಳಿಯ ಮುನ್ಸೂಚನೆ ಪೂರ್ತಿ ನಿಂತ ಮೇಲೆ ಚೌಕಟ್ಟು ಬಿಚ್ಚಿದೆ. ಪ್ರತಿ ಜಾಯಿಂಟಿಗೂ ಎರಡೂ ಕಡೆ ಒಂದೇ ಅಕ್ಷರ ಬರೆದಿಟ್ಟಿದ್ದೇನೆ, ಮುಂದಿನ ಸಲ ಸ್ಕ್ರೂ ತೂತು ಹುಡುಕುವ ಕೆಲಸ ಇರುವುದಿಲ್ಲ. ಬಟ್ಟೆಯನ್ನು ನೀರಿನಲ್ಲಿ ಅಲುಬಿ, ನೆರಳಲ್ಲಿ ಪೂರ್ತಿ ಒಣಗಿಸಿ, ಇಲಿಗೆ ಸಿಗದಂತೆ ಡಬ್ಬದಲ್ಲಿಟ್ಟೆ. ಒಂದು ಕಡೆ ಮೂಲೆಯಲ್ಲಿ ಚಿಕ್ಕ ಹರುಕು ಕಂಡಿತು, ಅಲ್ಲಿಗೆ ಅದೇ ಬಟ್ಟೆಯ ತುಂಡು ಹೊಲಿದೆ. ನಾಲ್ಕು ಸರಳುಗಳನ್ನು ಮಾತ್ರ ನೆಲದಲ್ಲೇ ಬಿಟ್ಟಿದ್ದೇನೆ. ಹುಲ್ಲು ಬೆಳೆದರೆ ಅವು ಕಾಣುವುದಿಲ್ಲ, ಎಡವಿ ಬಿದ್ದರೆ ಕಷ್ಟ. ಅದಕ್ಕೆ ಒಂದೊಂದರ ತುದಿಗೂ ಕೆಂಪು ಬಣ್ಣ ಬಳಿದ ಪ್ಲಾಸ್ಟಿಕ್ ಬಾಟಲಿ ಕವುಚಿ ಹಾಕಿದ್ದೇನೆ.